ಹೆಬ್ಬೆರಳ ಮೆಟ್ಟಿಲು

ಜಪಾನಿನ ನಾಗಸಾಕಿ ಬಂದರಿನಲ್ಲಿ ಚೀನೀಯರ ಕೆಂಪು ಗುಡಿಯೊಂದರಿಂದ ಕಡಲಿನತ್ತ ಇಳಿಯುವ ಕಲ್ಲುಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲಿನದಕ್ಕೆ ಹೆಬ್ಬೆರಳ ಮೆಟ್ಟಿಲು ಎಂದು ಹೆಸರು. ಊರಿನವರು ಅದನ್ನು ತುಳಿಯುವುದಿಲ್ಲ, ದಾಟಿ ಹೋಗುತ್ತಾರೆ. ಪ್ರವಾಸಿಗರು ಮಾತ್ರ ಅದರ ಮೇಲೆಯೇ ನಿಂತು ಹಲ್ಲು ಕಿರಿಯುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಚೀನಾದ ಹಡಗುಗಳು ತಮ್ಮ ಕಡಲದೇವಿಯ ಮೂರ್ತಿಯೊಡನೆಯೇ ಇಲ್ಲಿಗೆ ಬರುತ್ತಿದ್ದವು ಎನ್ನುತ್ತಾರೆ. ಬಂದೊಡನೆ ಜಾಗಟೆ ಬಾರಿಸುತ್ತ ದೇವಿಯನ್ನು ಗುಡಿಗೆ ತರುವುದು, ಹೊರಡುವ ದಿನ ಅಪ್ಪಣೆ ಕೇಳಿ ಮರಳಿ ಒಯ್ಯುವುದು ವಾಡಿಕೆ. ಅದಕ್ಕಾಗಿ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಮೆಟ್ಟಿಲ ಮೇಲೆ ಎಸೆಯುತ್ತಿದ್ದರು. ಒಂದು ಅಂಗಾತ, ಒಂದು ಬೋರಲಾಗಿ ಬಿದ್ದರೆ ದೇವಿ ಒಪ್ಪಿದಂತೆ. ಎರಡೂ ಬೋರಲಾದರೆ ಒಲ್ಲೆ ಎಂದಂತೆ. ನಮ್ಮಲ್ಲಿ ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕಾಯುತ್ತೇವಲ್ಲ, ಹಾಗೆಯೇ.

ಅಂಥ ಒಂದು ಹಡಗಿನಲ್ಲಿ ಲಿನ್ ಬೊಯಾನ್ ದೇವಿಯ ಪೂಜಾರಿ. ಅವನ ತಮ್ಮ ಝೊಂಗ್‌ಯಾನ್ ಹಡಗಿನ ಯಜಮಾನ. ಅತ್ತ ಚೀನಾದ ಊರಿನಲ್ಲಿ ತಮ್ಮನ ಹೆಂಡತಿ ತುಂಬು ಬಸುರಿ. ಮೊದಲಿನ ಎರಡು ಕೂಸುಗಳೂ ಅಪ್ಪ ಬರುವ ಮೊದಲೇ ತೀರಿಕೊಂಡಿದ್ದವು. ಹೊರಡುವ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಬೊಯಾನ್ ಮೂರು ಸಲ ಎಸೆದರೆ ಮೂರು ಸಲವೂ ತುಂಡುಗಳೆರಡೂ ಬೋರಲು.

"ಇನ್ನೊಂದು ಸಲ ಕೇಳಣ್ಣಾ. ಈ ಗಾಳಿ ತಪ್ಪಿದರೆ ಆರು ತಿಂಗಳು ಇಲ್ಲೇ ಬಿದ್ದಿರಬೇಕು. ಈ ಮಗುವಿನ ಮುಖವನ್ನಾದರೂ ನೋಡ್ತೀನಿ," ಎಂದು ತಮ್ಮ ಕಾಲು ಹಿಡಿದ.

"ಬೇಡವೋ, ಅವಳು ಒಲ್ಲೆ ಅಂತಿದ್ದಾಳೆ," ಎಂದ ಬೊಯಾನ್. ಆದರೂ ಕರುಳು ಕೇಳಲಿಲ್ಲ, ನಾಲ್ಕನೆಯ ಸಲ ಎಸೆದ. ಮತ್ತೆ ಬೋರಲು. ಎಲ್ಲರೂ ಹಣೆ ನೆಲಕ್ಕೆ ಹಚ್ಚಿ ಬಾಗಿದ್ದರು. ಬೊಯಾನ್ ಮೆಲ್ಲಗೆ ಕಾಲಿನ ಹೆಬ್ಬೆರಳಿನಿಂದ ಒಂದು ತುಂಡನ್ನು ಮಗುಚಿದ. "ಅಪ್ಪಣೆ ಆಯಿತು," ಎಂದ. ಅಯ್ಯೋ, ಎಂಥ ಮಾತಾಡಿಬಿಟ್ಟ!

ಇಬ್ಬರು ಹೊರುವ ಮೂರ್ತಿಯನ್ನು ಅಂದು ಎಂಟು ಜನ ಹೊತ್ತರೂ ಮೆಟ್ಟಿಲಿಗೊಮ್ಮೆ ಇಳಿಸಬೇಕಾಯಿತು. ಹಿಂದೆ ಹೊರಟ ಬೊಯಾನನ ಆ ಕಾಲು ಮರಗಟ್ಟಿ, ಹೆಜ್ಜೆಯೇ ಏಳಲಿಲ್ಲ. "ನೀನು ಮುಂದಿನ ಹಡಗಿಗೆ ಬಾ," ಎಂದು ತಮ್ಮ ನಗುತ್ತ ಇಳಿದುಹೋದ. ಆಗಲೂ ಬೊಯಾನ್ ಒಂದು ಕೂಗು ಹಾಕಿದ್ದರೆ ಹಡಗು ನಿಲ್ಲುತ್ತಿತ್ತು. ನಾಚಿಕೆಗೆ ಅವನ ಬಾಯಿ ಕಟ್ಟಿತು.

ಹನ್ನೊಂದನೆಯ ದಿನ ದೇವಿಯ ಮೂರ್ತಿಯೊಂದೇ ತೇಲುತ್ತ ದಡಕ್ಕೆ ಬಂತು. ಹಡಗಿನ ಒಂದು ಹಲಗೆಯೂ ಸಿಗಲಿಲ್ಲ. ಮರುವರ್ಷ ಬಂದ ಹಡಗಿನವರು ಬೊಯಾನನಿಗೆ ತಮ್ಮನ ಹೆಂಡತಿಯ ಸುದ್ದಿ ಹೇಳಿದರು: ಹೆಣ್ಣು ಮಗು, ಗಟ್ಟಿಯಾಗಿದೆ, ಅದರ ಅಪ್ಪ ಯಾವಾಗ ಬರುತ್ತಾನೆಂದು ತಾಯಿ ಕೇಳಿದ್ದಾಳೆ.

ಅಂದೇ ಅವನು ಸೀಸ ಕಾಯಿಸಿ ಹೊಯ್ದು ಆ ಎರಡು ತುಂಡುಗಳನ್ನೂ ಮೆಟ್ಟಿಲಿಗೆ ಬೆಸೆದುಬಿಟ್ಟನಂತೆ. ಇಂದಿಗೂ ಅವು ಅಲ್ಲೇ ಇವೆ, ಕಪ್ಪಗೆ, ಎರಡೂ ಬೋರಲಾಗಿ. ಹೋದರೆ ಬಗ್ಗಿ ನೋಡಿ, ಕಾಲು ಮಾತ್ರ ತಗಲಿಸಬೇಡಿ.