ಹತ್ತು ಸಾವಿರದ ಏಳು ಕಲ್ಲು

"ಎಷ್ಟು ಕಲ್ಲು ಕೊಟ್ಟರೂ ಸಮಸಾಲಾಗಿ ಹಾಸುತ್ತೇನೆ, ಬುದ್ಧೀ. ಒಂದೂ ಮಿಗದು."

ಕಲ್ಕುಟಿಗ ಬೈಚೋಜ ತುಂಬಿದ ಸಭೆಯಲ್ಲಿ ಹೀಗೆಂದ. ಕೆಲಸ ಬಲ್ಲವನು. ಬಾಯಿ ಬಿಗಿಹಿಡಿಯಲು ಬಾರದವನು.

ಆಸ್ಥಾನದ ಗಣಿತ ಪಂಡಿತ ನರಹರಿ ಜೋಯಿಸರಿಗೆ ಅಷ್ಟೇ ಸಾಕಾಯಿತು. ಎದ್ದರು.

"ಪ್ರಭು, ಇವನಿಗೆ ಹತ್ತು ಸಾವಿರದ ಏಳು ಕಲ್ಲು ಕೊಡಿಸಿ. ಮೊಳದುದ್ದದ ಕಲ್ಲು. ಅರಮನೆ ಬಾಗಿಲಿಂದ ಶುರುಮಾಡಲಿ. ಸಾಲಿಗೆ ಸಾಲು ಸಮ ಇರಬೇಕು. ಒಂದೂ ಮಿಗಬಾರದು, ಒಂದೂ ಒಡೆಯಬಾರದು. ತಪ್ಪಿದರೆ ಉಳಿ ಸುತ್ತಿಗೆ ಇಟ್ಟು ಸೀಮೆ ಬಿಟ್ಟು ಹೋಗಲಿ."

"ಆಗಲಿ ಸ್ವಾಮಿ" ಎಂದುಬಿಟ್ಟ ಬೈಚೋಜ.

ದೊರೆ ಬಿಲ್ಲರಸ ತಲೆಯಾಡಿಸಿದ. ಗಡುವು ಒಂದು ತಿಂಗಳು.

ಬೈಚೋಜ ಮನೆಯಲ್ಲಿ ಕಲ್ಲಿನ ಲೆಕ್ಕದಷ್ಟೇ ಹುಣಸೆಬೀಜ ಹರಡಿ ಕೂತ. ಎರಡೆರಡು ಇಟ್ಟ, ಒಂದು ಮಿಕ್ಕಿತು. ಮೂರು ಮೂರು ಇಟ್ಟ, ಎರಡು. ಏಳೇಳು ಇಟ್ಟ, ನಾಲ್ಕು. ನೂರು ನೂರು ಇಟ್ಟ, ಏಳು. ಹೆಂಡತಿ ಪಾತ್ರೆ ಗಂಟು ಕಟ್ಟತೊಡಗಿದಳು.

"ಹೋಗುವುದು ಯಾವ ಊರಿಗೆ? ಅದಾದರೂ ಹೇಳು."

ಅವನು ಎದ್ದು ಹೋಗಿ ಆಸ್ಥಾನದ ವಿದೂಷಕ ಮಾಚಪ್ಪನ ಕಾಲು ಹಿಡಿದ. ಮಾಚಪ್ಪ ಜೋಯಿಸರ ಜಗಲಿ ಹತ್ತಿದ.

"ಜೋಯಿಸರೇ, ಆ ಸಂಖ್ಯೆಯನ್ನು ಯಾವುದರಿಂದ ಭಾಗಿಸಬಹುದು?"

ಜೋಯಿಸರು ಮೀಸೆಯಲ್ಲೇ ನಕ್ಕರು. "ಅವಿಭಾಜ್ಯ ಕಣಯ್ಯಾ! ಹಿಂದೆಯೇ ಮೂರು ತಿಂಗಳು ಕೂತು ಹುಡುಕಿದ್ದೇನೆ. ಒಂದು, ಇಲ್ಲವೇ ಅದೇ ಸಂಖ್ಯೆ. ಇವೆರಡು ಬಿಟ್ಟರೆ ಯಾವುದಕ್ಕೂ ಬಗ್ಗದು."

"ಎರಡಿವೆಯಲ್ಲ. ಸಾಕು" ಎಂದು ಮಾಚಪ್ಪ ಇಳಿದು ಹೋದ.

ಕೇರಿಯವರೆಲ್ಲ ಬೈಚೋಜನಿಗೆ ಕೈಜೋಡಿಸಿದರು. ಗಡುವಿನ ಬೆಳಗ್ಗೆ ದೊರೆ ಬಾಗಿಲಿಗೆ ಬಂದ. ಹೊಸ್ತಿಲಿಂದ ಹೊರಟ ಕಲ್ಲು, ಒಂದರ ಹಿಂದೆ ಒಂದು, ಕೆರೆ ಏರಿ ದಾಟಿ ಕಲ್ಕುಟಿಗರ ಕೇರಿಯವರೆಗೆ ಹೋಗಿತ್ತು. ಒಂದು ಹರದಾರಿ. ಮಿಕ್ಕಿದ್ದು ಇಲ್ಲ.

"ಮೋಸ!" ಜೋಯಿಸರು ಕೂಗಿದರು. "ಇದು ಒಂದೇ ಸಾಲು! ಯಾವುದಕ್ಕೆ ಸಮ? ಇನ್ನೊಂದು ಸಾಲು ಎಲ್ಲಿ?"

ದೊರೆಯ ಹುಬ್ಬು ಗಂಟಿಕ್ಕಿತು. ಬೈಚೋಜ ಉಳಿ ಸುತ್ತಿಗೆ ಕೆಳಗಿಡಲು ಬಗ್ಗಿದ.

"ತಾಳಯ್ಯಾ" ಎಂದ ಮಾಚಪ್ಪ. ಜೋಯಿಸರ ತೋಳು ಹಿಡಿದು ಕಲ್ಲುಗಳ ಪಕ್ಕಕ್ಕೆ ತಂದು ನಿಲ್ಲಿಸಿದ.

"ನೀವು ನಿಂತದ್ದು ತುದಿಯಲ್ಲಿ. ಅಲ್ಲಿಂದ ಒಂದೇ ಸಾಲು. ಈಗ ಅಡ್ಡಲಾಗಿ ನೋಡಿ. ಹತ್ತು ಸಾವಿರದ ಏಳು ಸಾಲು, ಸಾಲಿಗೆ ಒಂದು ಕಲ್ಲು. ಯಾವ ಸಾಲು ಹೆಚ್ಚು, ಯಾವ ಸಾಲು ಕಮ್ಮಿ, ಹೇಳಿ."

ಜೋಯಿಸರು ಬಗ್ಗಿ ಒಂದು ಕಲ್ಲು ನೋಡಿದರು, ಪಕ್ಕದ್ದನ್ನೂ ನೋಡಿದರು.

ದೊರೆ ಹೊಟ್ಟೆ ಹಿಡಿದು ನಕ್ಕ. ಬೈಚೋಜನ ಕೈಗೆ ಕಡಗ ತೊಡಿಸಿದ. ಮಾಚಪ್ಪನಿಗೆ ತನ್ನ ಶಾಲು ಹೊದಿಸಿದ.

"ಹತ್ತು ಸಾವಿರದ ಏಳೇ ಇದೆಯೋ ಇಲ್ಲವೋ" ಎಂದು ಜೋಯಿಸರು ಗೊಣಗಿದರು. "ನೋಡಬೇಕಲ್ಲ, ಪ್ರಭು."

"ನೋಡಲೇಬೇಕು" ಎಂದ ದೊರೆ. "ಒಂದೊಂದೇ ಸಾಲು ಎಣಿಸಿಕೊಂಡು ಹೋಗಿ ಬನ್ನಿ. ಬಿಸಿಲಿದೆ, ಕೊಡೆ ಇರಲಿ."