ಪದ್ಮಿಯ ದನಿ ತೆಗೆದ ಮಾಳಿಗ

ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಇದ್ದರೆ ತಾಯಿ ಪುಣ್ಯವಂತೆ ಅಂತೀರಲ್ಲ, ಬೀರಮ್ಮನನ್ನು ಕೇಳಿ ನೋಡಿ. ಅವಳ ಮಗ ಮಾಳಿಗ ಹಾಗೇ ಮಾಡುತ್ತಿದ್ದ. ಅದೇ ಅವಳ ಕರ್ಮ.

ಮಗಳೂ ಒಬ್ಬಳಿದ್ದಳು, ಪದ್ಮಿ. ಅವಳು ಮಾತಾಡಿದ ಹಾಗೇ ಅಣಕಿಸಿ ಮಾಳಿಗ ಅವಳ ಕೈಲಿ ಬೈಸಿಕೊಳ್ಳುತ್ತಿದ್ದ. ಕಾಲೇಜಿಗೆ ಹೋಗುತ್ತಿದ್ದವಳು ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಳು. ಅವಳು ಹಾಡಿದ್ದ ಒಂದು ಸೋಬಾನೆ ಪದ ಒಂದು ಸಿಡಿಯಲ್ಲಿ ಉಳಿದಿತ್ತು. ಮುಖ ನೋಡಲು ಫೋಟೋ ಇತ್ತು, ದನಿ ಇದ್ದದ್ದು ಅದೊಂದರಲ್ಲೇ. ಅದನ್ನು ಒಂದು ಸಲ ಕೇಳಬೇಕು ಅನ್ನುವುದು ಬೀರಮ್ಮನ ಆಸೆ. ಪದ್ಮಿಯ ಲ್ಯಾಪ್‌ಟಾಪ್ ನೋಡಿದರೆ ಕೆಟ್ಟು ಕೂತಿತ್ತು. ಸಿಡಿ ಹಾಕುವ ಬೇರೆ ಮಿಷನ್ನು ಊರಲ್ಲೇ ಇರಲಿಲ್ಲ.

ರಿಪೇರಿ ಅಂಗಡಿಯ ನಜೀರ್ ಲ್ಯಾಪ್‌ಟಾಪ್ ಬಿಚ್ಚಿ ನೋಡಿದ. "ಇದು ಹೋಗೈತೆ ಬೀರಕ್ಕ. ಒಳಗಿನ ಸಿಡಿ ಡ್ರೈವ್ ಮಾತ್ರ ಚೆನ್ನಾಗೈತೆ, ನನ್ನ ದೊಡ್ಡ ಕಂಪ್ಯೂಟರಿಗೆ ಹಾಕ್ಬೋದು. ಆದ್ರೆ ಇದರ ಬಾಯಿ ಚಿಕ್ಕದು, ಅಲ್ಲಿ ವೈರಿನ ಬಾಯಿ ದೊಡ್ಡದು. ಎರಡನ್ನೂ ಸೇರಿಸೋ ಕನೆಕ್ಟರ್ ತುಮಕೂರಲ್ಲಿ ಸಿಗ್ತದೆ. ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು ಇರ್ಬೇಕು, ನೋಡ್ಕೊಂಡು ತಗೊಂಬಾ ಮಾಳಿಗ."

ಪಿನ್ನಿರುವ ತುದಿ ಗಂಡು, ತೂತಿರುವ ತುದಿ ಹೆಣ್ಣು, ಅದು ಆ ಕಸುಬಿನವರ ಮಾತು. ಮಾಳಿಗ ತುಮಕೂರಿಗೆ ಹೋದ. ಅಂಗಡಿಯಲ್ಲಿ ಒಂದು ಕಡೆ ಗಂಡಸು ಕೂತಿದ್ದ. ಇನ್ನೊಂದು ಕಡೆ ಯಾರೂ ಇರಲಿಲ್ಲ. ಸಂಜೆಯವರೆಗೆ ನಿಂತು ಕಾದು ಬರಿಗೈಲಿ ವಾಪಸು ಬಂದ.

"ಗಂಡಸೇನೋ ಇದ್ದ ಕಣವ್ವ. ಹೆಂಗಸು ಬರ್ಲೇ ಇಲ್ಲ."

ಬೀರಮ್ಮ ಹಣೆ ಚಚ್ಚಿಕೊಂಡಳು. "ಗಂಡು ಹೆಣ್ಣು ಅನ್ನೋ ಮಾತೇ ಬ್ಯಾಡ. ಸರಿಯಾಗಿ ಕೂರೋದು ಕೊಡಿ ಅಂತ ಕೇಳು, ಸಾಕು."

ಮಾಳಿಗ ಮತ್ತೆ ಹೋದ. "ಸರಿಯಾಗಿ ಕೂರೋದು ಕೊಡಿ ಸ್ವಾಮಿ" ಅಂದ. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಅಂತ ಅಂಗಡಿಯವನು ಒಂದು ಸ್ಟೂಲು ಕೊಟ್ಟು ಗಿರಾಕಿ ಕಡೆ ತಿರುಗಿದ. ಮಾಳಿಗ ಸ್ಟೂಲನ್ನು ಹೆಗಲಿಗೇರಿಸಿ ಬಸ್ಸು ಹತ್ತಿದ.

ಬೀರಮ್ಮ ಆ ಸ್ಟೂಲಿನ ಮೇಲೇ ಕೂತು ಅತ್ತಳು. ಮಾರನೆಯ ದಿನ ಸ್ಟೂಲು ವಾಪಸು ಕೊಡಲು ತಾನೇ ಹೋದಳು, ಕನೆಕ್ಟರನ್ನೂ ತಾನೇ ತಂದಳು.

"ಇದನ್ನ ನಜೀರಣ್ಣಂಗೆ ಕೊಡು. ನಾನು ಸೀರೆ ಬದಲಾಯಿಸಿ ಬತ್ತೀನಿ. ನಿನ್ನ ತಲೆ ಓಡಿಸ್ಬ್ಯಾಡ ಮಗ. ತಿಳೀದಿದ್ರೆ ಪಕ್ಕದಲ್ಲಿರೋರನ್ನ ಕೇಳು, ಅವರು ಹೇಳ್ದಂಗೆ ಮಾಡು."

ನಜೀರ್ ಕನೆಕ್ಟರ್ ಹಾಕಿದ. ಡ್ರೈವಿನ ದೀಪ ಹತ್ತಿತು, ಸಿಡಿ ತಿರುಗಿತು, ಪರದೆಯ ಮೇಲೆ ಪದ್ಮಿ ಅನ್ನುವ ಹೆಸರು ಬಂತು.

"ನಾನು ಚಾ ತರ್ತೀನಿ. ಅವ್ವ ಬಂದ ಕೂಡ್ಲೇ ಈ ಫೈಲು ತೆಗಿ" ಅಂದು ಎದ್ದು ಹೋದ.

ಅವ್ವ ಬರುವುದರೊಳಗೆ ಕೆಲಸ ಮುಗಿದಿರಲಿ ಅಂತ ಮಾಳಿಗನಿಗೆ ಆತುರ. ತೆಗೆಯುವುದು ಹೇಗೆ? ತಿಳಿಯಲಿಲ್ಲ. ಮೊಬೈಲ್ ರಿಪೇರಿಗೆ ಬಂದು ಪಕ್ಕದಲ್ಲಿ ಕೂತಿದ್ದವರನ್ನು ಕೇಳಿದ. "ಇದನ್ನ ತೆಗೀಬೇಕಾ? ಈ ಗುಂಡಿ ಒತ್ತಪ್ಪ" ಅಂದರು. ಒತ್ತಿದ. ನಿಜವಾಗಿ ತೆಗೆಯಲೇ ಅಂತ ಕಂಪ್ಯೂಟರ್ ಕೇಳಿತು. ಹೂಂ ಅನ್ನು ಅಂದರು. ಹೂಂ ಅಂದ. ಅಳಿಸಿ ಮತ್ತೆ ಬರೆಯುವಂಥ ಸಿಡಿ ಅದು. ಹೆಸರು ಹೋಯಿತು, ಹಾಡೂ ಹೋಯಿತು.

ನಜೀರ್ ಬಂದು ನೋಡಿದ. ಏನೇನೋ ಒತ್ತಿದ, ಏನೂ ಬರಲಿಲ್ಲ. ತಲೆ ಹಿಡಿದು ಕೂತುಬಿಟ್ಟ.

"ತೆಗಿ ಅಂದ್ರೆ ತೆಗೆದೇ ಹಾಕಿದ್ಯಲ್ಲೋ ಪಾಪಿ. ಇನ್ನು ಆ ಹುಡುಗಿ ದನಿ ನಿನ್ನ ಬಾಯಲ್ಲೇ ಬರ್ಬೇಕು. ಹೋಗು, ನಿಮ್ಮವ್ವಂಗೆ ನೀನೇ ಕೇಳಿಸು."

ಮಾಳಿಗ ಹೋದ.

ಬೀರಮ್ಮ ಮಗಳನ್ನೇ ನೋಡಲು ಹೊರಟವಳಂತೆ ಒಳ್ಳೇ ಸೀರೆ ಉಟ್ಟು, ಬಾಗಿಲು ಹಾಕಿಕೊಂಡು ತಲೆ ಬಾಚುತ್ತಿದ್ದಳು. ಆಗ ಹೊರಗಿನಿಂದ ಪದ್ಮಿ ಕರೆದಳು.

"ಅವ್ವಾ, ಬಂದೆ ಕಣವ್ವಾ. ಹೊಟ್ಟೆ ಹಸೀತೈತೆ."

ಕಾಲೇಜಿನಿಂದ ಬಂದಾಗಿನ ಅದೇ ದನಿ, ಅದೇ ಎಳೆತ. ಬಾಚಣಿಗೆ ಕೈಯಿಂದ ಬಿತ್ತು. ಓಡಿ ಬಂದು ಬಾಗಿಲು ತೆರೆದಳು. ಮಾಳಿಗ ನಿಂತಿದ್ದ.

"ಸಿಡಿಯಾಗಿಂದು ತೆಗೆದುಬಿಟ್ಟೆ ಕಣವ್ವ. ನನ್ನ ಬಾಯಲ್ಲೇ ಬರ್ಬೇಕಂತೆ."

ಬೀರಮ್ಮನಿಗೆ ಎಲ್ಲಾ ಅರ್ಥವಾಯಿತು. ಬೈಯುತ್ತಾಳೆ ಅಂತ ಮಾಳಿಗ ತಲೆ ತಗ್ಗಿಸಿ ಕಾದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ ಅಂದಳು:

"ಇನ್ನೊಂದ್ಸಲ ಕರಿ ಮಗ."