ಕೂ ಎನ್ನದೆ ಕದಲದ ಎತ್ತು

ಕೆಂಗುಡ್ಡ ಎಂಬ ಊರಿನ ನೆತ್ತಿಯ ಮೇಲೆ ಒಂದು ಅದಿರಿನ ಗಣಿ ಇತ್ತು. ಅದಿರು ಹೊತ್ತ ರೈಲು ದಿನವೂ ಗುಡ್ಡ ಇಳಿದು ಊರೊಳಗಿಂದಲೇ ಹಾದು ಹೋಗುತ್ತಿತ್ತು. ಕಲ್ಲಿದ್ದಲು ತಿಂದು ಕರಿ ಹೊಗೆ ಬಿಡುವ ಆ ಎಂಜಿನ್ನಿಗೆ ಯಾವ ಅವಸರವೂ ಇರಲಿಲ್ಲ. ಹೆಂಗಸರು ಒಣಗಲು ಹಾಕಿದ ಸೀರೆ ಎತ್ತಿಕೊಳ್ಳುವ ತನಕ ಕಾದು ಹೋಗುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಹಳಬರ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜವೇ ಇರಬೇಕು.

ಗಣಿ ಬರಿದಾಯಿತು, ರೈಲು ನಿಂತಿತು. ಕಂಪನಿಯವರು ಕಂಬಿ ಕಿತ್ತುಕೊಂಡು ಹೋದರು. ಉಳಿದ ಜಲ್ಲಿಯನ್ನು ಊರವರು ತಮ್ಮ ತಮ್ಮ ಮನೆಯ ಪಾಯಕ್ಕೆ ಹೊತ್ತುಕೊಂಡರು. ಕೊನೆಗೆ ರೈಲು ಓಡಿದ ಗುರುತೇ ಇಲ್ಲದಂತೆ ನೆಲ ಸಮವಾಯಿತು.

ಉಳಿದದ್ದು ಒಂದೇ, ಎತ್ತುಗಳ ಅಭ್ಯಾಸ. ಬಂಡಿದಾರಿ ಹಳಿಯನ್ನು ದಾಟುತ್ತಿದ್ದ ಜಾಗದಲ್ಲಿ ನಿಲ್ಲಬೇಕು, ರೈಲು ಕೂಗಿ ಹೋದ ಮೇಲೇ ಹೆಜ್ಜೆ ಇಡಬೇಕು ಎಂದು ಹಿಂದೆ ಅವಕ್ಕೆ ಕಲಿಸಿದ್ದರು. ಮುದಿ ಎತ್ತಿನ ಜೊತೆ ಎಳೆಯ ಹೋರಿಯನ್ನು ನೊಗಕ್ಕೆ ಹೂಡಿ ಪಳಗಿಸುವುದು ಆ ಊರಿನ ಪದ್ಧತಿ. ಹಾಗಾಗಿ ರೈಲನ್ನೇ ಕಾಣದ ಹೋರಿಗಳೂ ಅಲ್ಲಿಗೆ ಬಂದರೆ ನಿಲ್ಲುವುದನ್ನು ಕಲಿತವು. ಮನುಷ್ಯರೇನು ಮಾಡಿಯಾರು? ಬಂಡಿ ಹೊಡೆಯುವವನೇ ಬಾಯಿಗೆ ಕೈ ಅಡ್ಡ ಹಿಡಿದು "ಕೂ…" ಎಂದು ಎಂಜಿನ್ನಿನಂತೆ ಕೂಗುತ್ತಿದ್ದ. ಎತ್ತುಗಳು ಸಮಾಧಾನಪಟ್ಟು ನಡೆಯುತ್ತಿದ್ದವು. ಬರಬರುತ್ತ ಇದು ಎಷ್ಟು ರೂಢಿಯಾಯಿತೆಂದರೆ, ತಾವು ಹೀಗೆ ಕೂಗುತ್ತೇವೆ ಎಂಬುದೇ ಊರವರ ಗಮನಕ್ಕೆ ಬಾರದಾಯಿತು.

ಆ ಜಾಗಕ್ಕೆ ಅಂಟಿಕೊಂಡೇ ಗಾದಿಲಿಂಗಪ್ಪನ ಮನೆ. ರೈಲು ನಿಂತ ಮೇಲೆ ಅವನು ಹಳಿಯ ಜಾಗಕ್ಕೇ ಕೈಚಾಚಿ, ಹಳಿಯ ಜಲ್ಲಿಯಿಂದಲೇ ಒಂದು ಅಗಲವಾದ ಜಗಲಿ ಕಟ್ಟಿಸಿದ್ದ. ಮೇಲೆ ಕೆಂಪು ಗಾರೆ. ಆ ಜಗಲಿಯೆಂದರೆ ಅವನಿಗೆ ಪ್ರಾಣ. ಹೆಗಲ ಮೇಲಿನ ವಲ್ಲಿಯಿಂದ ತಾನೇ ಒರೆಸುತ್ತಿದ್ದ. ಮೊಮ್ಮಕ್ಕಳು ಕಾಲು ತೊಳೆಯದೆ ಹತ್ತಿದರೆ ಊರು ಕೇಳುವಂತೆ ಬಯ್ಯುತ್ತಿದ್ದ.

ಒಂದು ದಿನ ಸುದ್ದಿ ಬಂತು: ಹಳೆಯ ರೈಲುದಾರಿಯ ಮೇಲೆ ಡಾಂಬರು ರಸ್ತೆ ಬರುತ್ತದೆ, ಬಸ್ಸು ಓಡುತ್ತದೆ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಗಾದಿಲಿಂಗಪ್ಪ ಗಟ್ಟಿಗ. ತನ್ನ ಮನೆ ಮುಂದೆಯೇ ಬಸ್ಸು ನಿಲ್ಲುವ ವೈಭವ ಅವನ ಕಣ್ಣಿಗೆ ಕಟ್ಟಿತು. ಊರ ಕೊನೆಯಲ್ಲಿದ್ದ ಹುಲಿಗೆಮ್ಮನ ಚಹಾ ಅಂಗಡಿಯಲ್ಲಿ ಕುಳಿತು ಶುರು ಮಾಡಿದ:

"ರೈಲು ಎಲ್ಲಿ ಹೋಗ್ತಿತ್ತು ಅಂತ ನನ್ನ ಕೇಳ್ರಿ. ಈಗ ನನ್ನ ಜಗಲಿ ಐತಲ್ಲ, ಅದರ ಮ್ಯಾಲೇನೇ. ಡ್ರೈವರು ದಿನಾ ನಮ್ಮವ್ವನ ಕೈಯಾಗ ಮಜ್ಜಿಗಿ ಇಸಕೊಂಡು ಕುಡದು, ಆಮ್ಯಾಲೆ ಗಾಡಿ ಬಿಡ್ತಿದ್ದ!"

"ಹಂಗಾದ್ರ ಬಸ್ಸಿನ ಮಂದಿ ಎಲ್ಲಾ ನಿನ್ನ ಜಗಲಿ ಮ್ಯಾಲೇ ಕುಂದರ್ತಾರ ಬಿಡಣ್ಣ," ಎಂದು ಹುಲಿಗೆಮ್ಮ ನಕ್ಕಳು. ಗಂಡ ಸತ್ತ ಮೇಲೆ ಆ ಅಂಗಡಿಯ ಒಲೆಯೇ ಅವಳ ಅನ್ನ.

ಮರುವಾರ ಊರ ತಳವಾರ ಡಂಗುರ ಸಾರಿದ. ಹಳೆಯ ದಾರಿಯ ಮೇಲೆ ಯಾರು ಏನು ಕಟ್ಟಿದ್ದರೂ ಕೆಡವುತ್ತಾರಂತೆ. ಆ ಗಳಿಗೆಯಿಂದ ಗಾದಿಲಿಂಗಪ್ಪನ ನೆನಪಿನ ರೈಲು ಹಳಿ ಬದಲಾಯಿಸಿತು.

ರಸ್ತೆಯ ಇಂಜಿನಿಯರಮ್ಮ ಬಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತಳು. "ಹಳೇ ನಕ್ಷೆ ಗೆದ್ದಲು ತಿಂದಿದೆ. ನೀವು ಹಿರಿಯರು, ರೈಲು ಎಲ್ಲಿ ಹಾದು ಹೋಗುತ್ತಿತ್ತು ಹೇಳಿ," ಎಂದಳು.

ಗಾದಿಲಿಂಗಪ್ಪನೇ ಮುಂದೆ ಬಂದ. "ನಮ್ಮ ಮನಿ ಕಡಿ ಬಂದೇ ಇಲ್ಲ ಮೇಡಮ್ಮೋರೇ. ಅಲ್ಲಿ ಹುಲಿಗೆಮ್ಮನ ಅಂಗಡಿ ಐತಲ್ಲ, ಅದರ ಮ್ಯಾಲೇ ಹೋಗ್ತಿತ್ತು. ಕಣ್ಣಾರೆ ಕಂಡೀನಿ."

ಊರವರು ಬಾಯಿ ತೆರೆದು ನೋಡಿದರು, ಮತ್ತೆ ಮುಚ್ಚಿಕೊಂಡರು. ಅವರಲ್ಲೂ ಕೆಲವರ ಮೆಟ್ಟಿಲು, ಕೆಲವರ ದನದ ಕೊಟ್ಟಿಗೆ ಹಳಿಯ ಜಾಗದಲ್ಲಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ.

ಹುಲಿಗೆಮ್ಮ ಮಾತ್ರ ಕೇಳಿದಳು: "ಅಣ್ಣಾ, ನನ್ನ ಅಂಗಡಿ ಮ್ಯಾಲೆ ರೈಲು ಯಾವತ್ತು ಹತ್ತಿಸ್ದಿ? ಅದು ಹೋದ್ರ ನಾನು ಏನು ತಿನ್ಲಿ?"

ಗಾದಿಲಿಂಗಪ್ಪನಿಗೆ ಒಳಗೆ ಚುರುಕ್ಕೆಂದಿತು. ಆದರೆ ಕೆಂಪು ಗಾರೆ ನೆನಪಾಯಿತು. ಅವನು ಅವಳ ಕಡೆ ನೋಡದೆ, "ಬಿಸಲಾಗ ನಡೀಬ್ಯಾಡ್ರಿ ಮೇಡಮ್ಮೋರೇ, ನಾನ ಬಂಡ್ಯಾಗ ಕರಕೊಂಡು ಹೋಗಿ ಜಾಗ ತೋರಿಸ್ತೀನಿ," ಎಂದು ತನ್ನ ಎತ್ತುಗಳನ್ನು ಹೂಡಿದ. ವಿನಾಶಕಾಲಕ್ಕೆ ಉಪಚಾರದ ಬುದ್ಧಿ!

ಬಂಡಿ ಹೊರಟಿತು. ಹುಲಿಗೆಮ್ಮ ಕಣ್ಣೊರೆಸಿಕೊಳ್ಳುತ್ತ ಹಿಂದೆ ನಡೆದಳು. ಗಾದಿಲಿಂಗಪ್ಪನ ಜಗಲಿಯ ಹತ್ತಿರ ಬರುತ್ತಲೇ ಎತ್ತುಗಳು ಗಕ್ಕನೆ ನಿಂತವು. ಎರಡೂ ಕಿವಿ ನೆಟ್ಟಗೆ ಮಾಡಿ ಗುಡ್ಡದ ಕಡೆ ನೋಡತೊಡಗಿದವು.

"ಯಾಕೆ ನಿಂತವು?" ಎಂದು ಇಂಜಿನಿಯರಮ್ಮ ಕೇಳಿದಳು.

"ನೀರಡಿಕಿ ಆಗಿರಬೇಕು."

ನೀರು ತಂದರು. ಎತ್ತುಗಳು ಮೂಸಿಯೂ ನೋಡಲಿಲ್ಲ. ಹಸಿ ಹುಲ್ಲು ತೋರಿಸಿದ, ಬಾಲ ತಿರುವಿದ, "ನಮ್ಮಪ್ಪಾ, ನಮ್ಮ ದೇವ್ರೇ" ಎಂದು ಕೊರಳ ಕೆಳಗಿನ ಗಂಗೆದೊಗಲು ನೇವರಿಸಿದ. ಅವು ಗುಡ್ಡ ನೋಡುತ್ತಲೇ ನಿಂತವು. ಅಷ್ಟರಲ್ಲಿ ಹಿಂದೆ ಮತ್ತೊಂದು ಬಂಡಿ ಬಂದು ನಿಂತಿತು. ಅದರಲ್ಲಿದ್ದ ಜಂಬಣ್ಣ ಹೊಲದಿಂದ ಬರುತ್ತಿದ್ದವನು, ಗುಡಿಕಟ್ಟೆಯ ಮಾತು ಒಂದೂ ಕೇಳಿದವನಲ್ಲ. ಹೊಟ್ಟೆ ಹಸಿದ ಸಿಟ್ಟಿನಲ್ಲಿ ಕಿರುಚಿದ:

"ಏ ಗಾದಿಲಿಂಗ, ಏನ್ ನೋಡ್ತಿ? ಕೂ ಅನ್ನೋ!"

ಗಾದಿಲಿಂಗಪ್ಪ ಬೆವತ. ತುಟಿಯಲ್ಲೇ, ಯಾರಿಗೂ ಕೇಳದಂತೆ, "ಕೂ" ಎಂದ. ಎತ್ತುಗಳಿಗೂ ಕೇಳಲಿಲ್ಲ. ಕೆಮ್ಮಿನ ಜೊತೆ ಸೇರಿಸಿ ಇನ್ನೊಮ್ಮೆ ಎಂದ. ಎತ್ತುಗಳು ಇದು ರೈಲಲ್ಲ, ನೆಗಡಿ ಎಂದುಕೊಂಡವೋ ಏನೋ, ಕದಲಲಿಲ್ಲ. ಹಿಂದೆ ಬಂಡಿಗಳು ಹೆಚ್ಚಾದವು, ಬಯ್ಗುಳವೂ ಹೆಚ್ಚಾಯಿತು. ಬೇರೆ ದಾರಿ ಕಾಣದೆ ಅವನು ಬಾಯಿಗೆ ಎರಡೂ ಕೈ ಹಿಡಿದು, ಎದೆ ತುಂಬ ಉಸಿರೆಳೆದು, "ಕೂ…ಊ…ಊ…" ಎಂದು ಗುಡ್ಡಕ್ಕೆ ಕೇಳುವಂತೆ ಕೂಗಿದ.

ಎತ್ತುಗಳು ತಲೆ ತಗ್ಗಿಸಿ ಸರಸರ ನಡೆದವು.

"ನಿಲ್ಲಿಸಿ," ಎಂದಳು ಇಂಜಿನಿಯರಮ್ಮ. ಕೆಳಗಿಳಿದು ಜಗಲಿಯನ್ನು ನೋಡಿದಳು, ಎತ್ತುಗಳನ್ನು ನೋಡಿದಳು. "ಇಲ್ಲಿ ಏನಿತ್ತು ಗಾದಿಲಿಂಗಪ್ಪನವರೇ?"

ಅವನು ಜಗಲಿಯ ಕಡೆ ತಿರುಗಿದ, ಆಮೇಲೆ ಹುಲಿಗೆಮ್ಮನ ಒದ್ದೆ ಕಣ್ಣಿನ ಕಡೆ.

"ಎತ್ತಿಗೆ ಗೊತ್ತೈತಿ ಮೇಡಮ್ಮೋರೇ," ಎಂದ. "ನನಗೂ ಗೊತ್ತಿತ್ತು."

ಜಗಲಿ ಹೋಯಿತು, ರಸ್ತೆ ಬಂತು, ಬಸ್ಸೂ ಬಂತು. ಎತ್ತುಗಳು ಅಡ್ಡ ನಿಲ್ಲುವ ಕಾರಣ ಬಸ್ಸು ಅಲ್ಲೇ ನಿಲ್ಲಬೇಕಾಯಿತು, ಅದೇ ಸ್ಟಾಪಾಯಿತು. ಗಾದಿಲಿಂಗಪ್ಪ ಕೂರಲು ಜಗಲಿಯಿಲ್ಲದೆ ದಿನವೂ ಹುಲಿಗೆಮ್ಮನ ಅಂಗಡಿಗೇ ಹೋಗುತ್ತಾನೆ. ಅವಳಿಗೆ ಸಿಟ್ಟಿಲ್ಲ, ಸಕ್ಕರೆಯನ್ನೂ ಒಂದು ಚಮಚ ಹೆಚ್ಚೇ ಹಾಕುತ್ತಾಳೆ. ಆದರೆ ಚಹಾದ ಲೋಟ ಕೈಗೆ ಕೊಡುವ ಮೊದಲು ತಡೆದು ಹಿಡಿದು ಹೇಳುತ್ತಾಳೆ: "ಮೊದಲು ಕೂ ಅನ್ನಣ್ಣ."

ಅವನು ಅನ್ನುತ್ತಾನೆ.

ನೀತಿ: ಲಾಭಕ್ಕೊಂದು, ನಷ್ಟಕ್ಕೊಂದು ಎಂದು ನೆನಪಿನ ದಾರಿಯನ್ನು ತಿರುಗಿಸಬಾರದು. ನಮ್ಮ ಜಗಲಿ ಉಳಿಸಿಕೊಳ್ಳಲು ಇನ್ನೊಬ್ಬರ ಒಲೆ ಆರಿಸುವ ಸುಳ್ಳು ಹೇಳಿದರೆ, ಅದನ್ನು ಬಯಲಿಗೆಳೆಯಲು ನಮ್ಮದೇ ಕೊಟ್ಟಿಗೆಯ ಎತ್ತು ಸಾಕು.